ನಾಟಕಕೋಣೆಯ ಗೂಡು

"ಎಲೈ ದೇವಿ! ಏಳು ವರ್ಷ ಕತ್ತಿ ಹಿಡಿದ ಈ ಕೈಗೆ ಇಂದು... ಈ ಕೈಗೆ ಇಂದು..."

ಜಯಂತೀಪುರದ ಮಹಾರಾಜ ಅಲ್ಲಿಗೆ ನಿಂತುಬಿಟ್ಟ. ಚಾಚಿದ ಕೈ ಚಾಚಿದಂತೆಯೇ ಇತ್ತು. ಎದುರಿಗೆ ನಿಂತ ಮಹಾರಾಣಿ ತನ್ನ ಮೀಸೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತ ಕಾಯುತ್ತಿದ್ದಳು.

ರಂಗದ ಅಂಚಿನಲ್ಲಿದ್ದ ಮರದ ಗೂಡಿನಿಂದ ಮೆಲ್ಲಗೆ ಒಂದು ದನಿ ಬಂತು. "ನಿನ್ನ ಕೈಯ ಒಂದು ಹೂವು ಭಾರವಾಗಿದೆ."

"ಆಂ?" ಮಹಾರಾಜ ಗೂಡಿನ ಕಡೆ ಬಗ್ಗಿದ.

"ನಿನ್ನ ಕೈಯ. ಒಂದು ಹೂವು. ಭಾರವಾಗಿದೆ." ದನಿಯಲ್ಲಿ ಈಗ ಸ್ವಲ್ಪ ಹುಳಿ ಇತ್ತು.

ಮಹಾರಾಜ ತೃಪ್ತಿಯಿಂದ ನೆಟ್ಟಗಾದ. ಆ ಮಾತನ್ನು ಸೊಗಸಾಗಿ, ಎದೆಯಿಂದ ಎತ್ತಿ ಹೇಳಿದ. ಹೇಳಿದ್ದು ಮಾತ್ರ ಮಹಾರಾಣಿಯ ಕಡೆ ನೋಡಿ ಅಲ್ಲ, ಗೂಡಿನ ಕಡೆ ನೋಡಿ.

"ನಿನ್ನೆಯೂ ಇಲ್ಲೇ, ಮೊನ್ನೆಯೂ ಇಲ್ಲೇ!" ನಾಟಕ ಬರೆದ ವಿಘ್ನೇಶ್ವರ ಮಾಸ್ತರರು ತಲೆಯ ಮೇಲಿನ ಟೊಪ್ಪಿ ತೆಗೆದು ತೊಡೆಗೆ ಬಡಿದುಕೊಂಡರು. ಸಿಟ್ಟು ಬಂದರೆ ಅವರ ಬಾಯಿಂದ ಶಾಲೆಯ ಕನ್ನಡ ಹೋಗಿ ಮನೆಮಾತು ಬರುತ್ತಿತ್ತು. "ಎಂತ ಅಲ್ಲಾವುದ್ದೀನಾ, ತಲೆಯಲ್ಲಿ ಎಂತ ತುಂಬ್ಕಂಜೆ? ಆನು ಇನ್ನೆಷ್ಟು ಸಲ ಹೇಳವು? ಒಂದನೇ ಇಯತ್ತೆ ಹುಡ್ರೂ ಇಷ್ಟು ಮರೆತ್ವಿಲ್ಲೆ!"

"ತಪ್ಪಾಯ್ತು ಮಾಸ್ತರೇ. ಮೋಟಾರಿನ ಸದ್ದು ಕಿವೀಲಿ ಕೂತುಬಿಟ್ಟಿರ್ತದೆ."

"ಹೂವಿನ ಭಾರ ನಿಂಗ ನೆನಪ ಉಳೀವಲ್ದಂದ್ರ ನನ್ನ ಸೀರಿ ಭಾರ ನೋಡ್ ಬಾರಪಾ," ಎಂದ ಮಹಾರಾಣಿ. ಅವನು ಬನವಾಸಿಯ ಮಧುಕೇಶ್ವರ; ಯಲ್ಲಾಪುರದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟವನು. "ಹದಿನೆಂಟು ಮೊಳ ಐತಿ. ನಡು ಮುರದು ಹೋಗೇತಿ."

ಗೂಡಿನೊಳಗೆ ಖುರ್ಷಿದ್ ಪುಸ್ತಕವನ್ನು ಪಟ್ಟನೆ ಮುಚ್ಚಿದಳು. "ಕತ್ತೆ."

"ಯಾರಿಗೆ ಬೈತಿದ್ದೀ?" ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದ ಸೋದರತ್ತೆ ಅಮೀನಾಬಿ ಕೇಳಿದಳು.

"ಮಹಾರಾಜರಿಗೆ, ಫೂಫಿ."

ಯಲ್ಲಾಪುರದ ದಿಬ್ಬದ ಮೇಲಿನ ಆ ಮನೆಗೆ ಜನ ಈಗಲೂ ಫೆಂಟನ್ ಬಂಗಲೆ ಎಂದೇ ಹೇಳುತ್ತಿದ್ದರು. ಸಾಗವಾನಿಯ ವ್ಯಾಪಾರ ಮಾಡುತ್ತಿದ್ದ ಫೆಂಟನ್ ಸಾಹೇಬ ವಿಲಾಯತಿಯಲ್ಲಿ ತನ್ನ ಅಪ್ಪನ ಮನೆ ಹೇಗಿತ್ತೋ ಹಾಗೇ ಇಲ್ಲೂ ಇರಬೇಕೆಂದು ಹಠ ಹಿಡಿದು ಕಟ್ಟಿಸಿದ ಮನೆ ಅದು. ಅಪ್ಪನ ಮನೆಯೊಳಗೆ ಒಂದು ನಾಟಕಕೋಣೆ ಇತ್ತಂತೆ. ಆದ್ದರಿಂದ ಇಲ್ಲೂ ಬಂತು. ನಲವತ್ತು ಜನ ಕೂರುವ ಜಾಗ, ಎದೆಯೆತ್ತರದ ರಂಗ, ಅಂಚಿಗೆ ದೀಪದ ಸಾಲು, ಹಗ್ಗ ಎಳೆದರೆ ಸುರುಳಿ ಸುತ್ತುವ ಕೆಂಪು ಪರದೆ. ನಟರಿಗೆ ಮರೆತ ಮಾತು ಎತ್ತಿಕೊಡುವವರು ಕೂರಲಿಕ್ಕೆ ರಂಗದ ನಡು ಅಂಚಿನಲ್ಲಿ ಒಂದು ಗೂಡು. ಅದರ ಬೆನ್ನು ಜನರ ಕಡೆಗೆ, ಬಾಯಿ ನಟರ ಕಡೆಗೆ. ಅದಕ್ಕೆ ಹೋಗುವ ಮೆಟ್ಟಿಲು ಮಾತ್ರ ಮನೆಯ ಒಳಕೋಣೆಯಿಂದ.

ಫೆಂಟನ್ ಮೇಮ್‌ಸಾಹೇಬರು ಹದಿನಾಲ್ಕು ವರ್ಷ ಅಲ್ಲಿ ನಾಟಕ ಆಡಿಸಿದರು. ಕಾರವಾರ, ಧಾರವಾಡ, ಬೆಳಗಾವಿಯಿಂದ ಗಾಡಿ ಕಟ್ಟಿಕೊಂಡು ಬಿಳಿಯರು ಬರುತ್ತಿದ್ದರು. ಆಮೇಲೆ ಸಾಹೇಬನಿಗೆ ವಯಸ್ಸಾಯಿತು, ಹಡಗು ಹತ್ತಿ ಹೋದರು. ಮನೆ ಎರಡು ಕೈ ದಾಟಿ ಖುರ್ಷಿದಳ ಅಪ್ಪ ಅಬ್ದುಲ್ ಗಫೂರ್ ಸಾಹೇಬರ ಪಾಲಿಗೆ ಬಂತು. ಅವರದು ಅಳಲೆಕಾಯಿ, ಸೀಗೆಕಾಯಿಯ ವ್ಯಾಪಾರ. ಒಣ ಹವೆ ಆಡುವ ಒಳ್ಳೆಯ ದೊಡ್ಡ ಕೋಣೆ ಎಂದು ನಾಟಕಕೋಣೆಯನ್ನೇ ಉಗ್ರಾಣ ಮಾಡಿಕೊಂಡರು. ಮಹಾರಾಜರು, ಮಹಾರಾಣಿಯರು ನಿಂತ ಹಲಗೆಯ ಮೇಲೆ ಇಪ್ಪತ್ತು ವರ್ಷ ಅಳಲೆಕಾಯಿ ಮೂಟೆಗಳು ನಿಂತವು.

ಈ ಫೆಬ್ರವರಿಯಲ್ಲಿ ಊರಿಗೆ ಒಂದು ವಾಚನಾಲಯ ಆಗುತ್ತದೆ, ಪ್ರಾರಂಭಕ್ಕೆ ನಾಟಕ ಆಡುತ್ತೇವೆ, ಜಾಗ ಕೊಡಿ ಎಂದು ಮಾಸ್ತರರು ಬಂದು ಕೇಳಿದಾಗ ಗಫೂರ್ ಸಾಹೇಬರು ಗಡ್ಡ ನೀವಿಕೊಂಡು, ಯಾರು ಯಾರು ಆಡುವವರು ಎಂದಷ್ಟೇ ಕೇಳಿದರು. ಸಿರ್ಸಿ–ಯಲ್ಲಾಪುರ ಸರ್ವಿಸ್ ಮೋಟಾರಿನ ಡ್ರೈವರ್ ಅಲ್ಲಾವುದ್ದೀನನ ಹೆಸರು ಬಂದದ್ದೇ ಮೂಟೆಗಳನ್ನು ಗೋಡೆಗೆ ಸರಿಸಲು ಹೇಳಿದರು. ಅದಕ್ಕೆ ಕಾರಣ ಮನೆಯ ಹೆಂಗಸರಿಗೆ ಮಾತ್ರ ಗೊತ್ತಿತ್ತು. ಅಲ್ಲಾವುದ್ದೀನನ ತಾಯಿ ಸುಗ್ರಾಬಿ ಸಿರ್ಸಿಯಿಂದ ಮಗನಿಗೆ ಖುರ್ಷಿದಳನ್ನು ಕೇಳಿ ಕಾಗದ ಹಾಕಿದ್ದಳು. ಉತ್ತರ ಇನ್ನೂ ಹೋಗಿರಲಿಲ್ಲ.

ಮಾತು ಎತ್ತಿಕೊಡಲು ಜನ ಬೇಕಾಯಿತು. ಗೂಡು ಬಹಳ ಸಣ್ಣದು. ಮಾಸ್ತರರು ಇಳಿಯಲು ಹೋಗಿ ಸೊಂಟದಲ್ಲಿ ಸಿಕ್ಕಿಕೊಂಡರು. ಮೂವರು ಹಿಡಿದು ಎಳೆಯಬೇಕಾಯಿತು. ಏಳನೇ ಇಯತ್ತೆಯವರೆಗೆ ತನ್ನ ಕೈಕೆಳಗೇ ಓದಿದ ಖುರ್ಷಿದ್ ನೆನಪಾದದ್ದು ಅವರಿಗೆ ಆಗಲೇ. ಗಫೂರ್ ಸಾಹೇಬರು ಹುಬ್ಬು ಗಂಟು ಹಾಕಿದರು. "ಒಳಗಿಂದ ಹೋಗೋದು, ಒಳಗಿಂದ ಬರೋದು. ಯಾರು ನೋಡ್ತಾರೆ? ಕೆಳಗೆ ನಾನಿರ್ತೇನೆ," ಎಂದಳು ಅಮೀನಾಬಿ. ಗೂಡಿನ ಬಾಯಿಗೆ ಬಿದಿರುಕಡ್ಡಿಯ ತಡಿಕೆ ಕಟ್ಟಿಸಿದರು. ಪುಸ್ತಕಕ್ಕೆ ಬೆಳಕು ಬೀಳಲೆಂದು ಕೆಳಗೆ ನಾಲ್ಕು ಬೆರಳಿನ ಸಂದು ಬಿಟ್ಟರು.

ಆ ಸಂದಿನಿಂದ ಅಲ್ಲಾವುದ್ದೀನನಿಗೆ ಕಾಣುತ್ತಿದ್ದದ್ದು ಪುಟ ತಿರುಗಿಸುವ ಬೆರಳುಗಳು, ಉಗುರಿನಲ್ಲಿ ಅರ್ಧ ಮಾಸಿದ ಮದರಂಗಿ, ಅಷ್ಟೇ. ಕತ್ತಲೆಯಲ್ಲಿ ಕೂತ ಖುರ್ಷಿದಳಿಗೆ ಮಾತ್ರ ಅವನು ಪೂರಾ ಕಾಣುತ್ತಿದ್ದ. ಬೂಟು ಬಾಗಿಲಲ್ಲೇ ಕಳಚಿ ಬರುತ್ತಿದ್ದ. ಪರದೆಯ ಹಗ್ಗ ಹಿಡಿಯುವ ಮುದುಕ ಹೊನ್ನನಿಗೆ ತನ್ನ ಸ್ಟೂಲು ಕೊಡುತ್ತಿದ್ದ. ಮಧುಕೇಶ್ವರ ಸೀರೆ ಎಡವಿ ಬಿದ್ದಾಗ ನಗದೆ ಎಬ್ಬಿಸಿದವನು ಅವನೊಬ್ಬನೇ. ಎಲ್ಲ ಸರಿ. ನೆನಪು ಮಾತ್ರ ತೂತು ಬಿದ್ದ ಚೀಲ. ಮಧ್ಯಾಹ್ನ ಎರಡಕ್ಕೆ ಸಿರ್ಸಿಯಿಂದ ಮೋಟಾರು ತರುವುದು, ಐದಕ್ಕೆ ತಿರುಗಿ ಹೊರಡುವುದು; ನಡುವಿನ ಮೂರು ತಾಸಿನಲ್ಲಿ ಅವನು ಹನ್ನೆರಡು ಸಲ ಮರೆಯುತ್ತಿದ್ದ.

ನಾಟಕಕ್ಕೆ ಮೂರು ದಿನ ಇದ್ದಾಗ ಊಟಕ್ಕೆ ಕೂತ ಗಫೂರ್ ಸಾಹೇಬರು ತಂಗಿಯನ್ನು ಕೇಳಿದರು. "ಸುಗ್ರಾಬಿಗೆ ಏನು ಹೇಳೋಣ?"

ರೊಟ್ಟಿ ಬಡಿಸುತ್ತಿದ್ದ ಖುರ್ಷಿದ್ ಅಲ್ಲೇ ನಿಧಾನ ಮಾಡಿದಳು.

"ಹುಡುಗನ ನಡತೆ ಚೆನ್ನಾಗಿದೆ, ಭಾಯಿಜಾನ್," ಎಂದಳು ಅಮೀನಾಬಿ.

"ನಡತೆ ಚೆನ್ನಾಗಿದೆ, ತಲೆ ಇಲ್ಲ. ನಾನು ದಿನಾ ಹಿಂದೆ ಮೂಟೆ ಮೇಲೆ ಕೂತು ನೋಡ್ತಿದ್ದೇನೆ. ಹದಿನೈದು ದಿನದಿಂದ ಅವನಿಗೆ ಒಂದು ಹೂವು ನೆನಪಿರ್ತಿಲ್ಲ. ನಾಳೆ ಇಳಿಜಾರಿನಲ್ಲಿ ಬ್ರೇಕ್ ಎಲ್ಲಿದೆ ಅಂತ ಮರೆತರೆ? ಇವಳನ್ನ ಕೇಳಿ ಬಂದ ಹಾವೇರಿಯ ತಂಬಾಕಿನವರ ಮಗನನ್ನ ನೋಡು. ಅಜ್ಜನ ಅಜ್ಜನ ಹೆಸರೂ ಬಾಯಿಪಾಠ."

"ಅದನ್ನ ಬಿಟ್ಟು ಬೇರೆ ಮಾತೇ ಇಲ್ಲ ಅವನಿಗೆ. ಬಂದ ದಿನ ಚಾ ಆರೋತನಕ ಹೇಳ್ತಾ ಇದ್ದ."

"ಮೊಹರಮ್ ಬರೋ ಮೊದಲು ನಿಕಾಹ್ ಮುಗೀಬೇಕು. ಭಾನುವಾರ ನಾಟಕಕ್ಕೆ ಬರೋ ಮಾಮ್ಲೇದಾರರ ಎದುರಿಗೂ ಹೀಗೇ ತಡವರಿಸಿದನೋ, ಸೋಮವಾರ ಸುಗ್ರಾಬಿಗೆ ಬೇಡ ಅಂತ ಕಾಗದ. ಹಾವೇರಿಗೆ ಹೂಂ ಅಂತ ಕಾಗದ."

ಖುರ್ಷಿದ್ ಅಡಿಗೆಮನೆಗೆ ಬಂದು ಒಲೆಯ ಎದುರು ನಿಂತಳು. ಅಂಥ ಪೆದ್ದ ಹೋದರೆ ಹೋಗಲಿ ಎಂದು ಸಮಾಧಾನ ಹೇಳಿಕೊಂಡಳು. ಸಮಾಧಾನ ಆಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಮಾತ್ರ ಸೀದುಹೋಯಿತು.

ಮರುದಿನ ಶುಕ್ರವಾರ, ತಾಲೀಮು ಇರಲಿಲ್ಲ. ಅವಳು ಪುಸ್ತಕ ಹಿಡಿದು ಗೂಡಿನಲ್ಲಿ ಸುಮ್ಮನೆ ಕೂತಿದ್ದಳು. ಅಮೀನಾಬಿ ಮೆಟ್ಟಿಲಿಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ರಂಗದ ಮೇಲೆ ಹೊನ್ನ ಬೂದಿ ಹಾಕಿ ದೀಪದ ಗಾಜು ತಿಕ್ಕುತ್ತಿದ್ದ. ಫೆಂಟನ್ ಕಾಲದಿಂದ ಆ ಮನೆಯಲ್ಲಿ ಉಳಿದವನು ಅವನೊಬ್ಬನೇ.

"ಹೊನ್ನಜ್ಜಾ, ಗೂಡಿನ ಹಲಗೆ ಮೇಲೆ ಇದೆಂತ ಸೀಸದಕಡ್ಡಿ ಗೀಟು? ಸಾಲು ಸಾಲು ಇದೆ."

"ಅದಾ? ಅದು ಮೇಮ್‌ಸಾಬ್ರ ತಂಗಿ ಕ್ಲಾರಾ ಮಿಸ್ಸಿ ಹಾಕದ್ದು, ತಂಗಿ." ಹೊನ್ನ ಗಾಜನ್ನು ಬೆಳಕಿಗೆ ಹಿಡಿದ. "ಆ ಮಿಸ್ಸಿ ನೀ ಕೂತಲ್ಲೇ ಕೂತ್ಕಂಡು ಮಾತು ಎತ್ತಿಕೊಡ್ತಿತ್ತು. ಧಾರವಾಡದಿಂದ ಒಬ್ಬ ಎಂಜಿನಿಯರ್ ಸಾಬ ಬರ್ತಿದ್ದ. ಉದ್ದಕೆ, ಕೊಕ್ಕರೆ ಹಾಂಗೆ. ಅಂವ ಮಾತು ಮರೂದು, ಇವ್ಳು ಹೇಳೂದು, ಒಂದ್ ಗೀಟು ಹಾಕೂದು. ಮರ್ತದ್ದಕ್ಕೆಲ್ಲಾ ಲೆಕ್ಕ."

"ಅಷ್ಟು ಮರೆಯುವವನನ್ನ ಯಾಕೆ ಇಟ್ಕೊಂಡಿದ್ರು?"

ಹೊನ್ನ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಮರೂದೆಂತದು ಮಣ್ಣು! ನಾ ಹಗ್ಗದ ಹತ್ರ ನಿಂತಂವ. ಕೋಣೇಲಿ ಒಬ್ನೇ ಇದ್ದಾಗ ಪೂರಾ ನಾಟ್ಕ ಗಡಗಡ ಹೇಳ್ತಿದ್ದ. ಮಿಸ್ಸಿ ಬಂದು ಗೂಡಲ್ಲಿ ಕೂತ್ಕೂಡ್ಲೇ ಬಾಯಿ ಕಟ್ಕಂತಿತ್ತು. ಅದ್ರ ದನಿ ಕೇಳೂಕೆ ಅಲ್ದಾ? ಮುಂದಿನ ಬೇಸಗೇಲಿ ಬೆಳಗಾವಿ ಇಗರ್ಜಿಯಲ್ಲಿ ಇಬ್ರಿಗೂ ಮದ್ವೆ ಆಯ್ತು." ಅವನು ಇನ್ನೊಂದು ಗಾಜು ಎತ್ತಿಕೊಂಡ. "ಈ ಗೂಡು ಕೆಟ್ಟ ಗೂಡು, ತಂಗಿ. ಗಂಡಸ್ರ ನೆನಪು ತಿಂತದೆ."

ಖುರ್ಷಿದ್ ಎಣಿಸಿದಳು. ನಲವತ್ತೊಂದು ಗೀಟು. ಯಾಕೋ ಗೂಡಿನೊಳಗೆ ಸೆಖೆಯಾದಂತಾಯಿತು.

ಶನಿವಾರ ಕೊನೆಯ ತಾಲೀಮು. ಅಲ್ಲಾವುದ್ದೀನ್ ರಟ್ಟಿನ ಕಿರೀಟ ಇಟ್ಟುಕೊಂಡು ಬಂದು ನಿಂತ.

"ಎಲೈ ದೇವಿ! ಏಳು ವರ್ಷ ಕತ್ತಿ ಹಿಡಿದ ಈ ಕೈಗೆ ಇಂದು..."

ನಿಲ್ಲಿಸಿದ. ಕಣ್ಣು ಸಂದಿನ ಕಡೆ ಇಳಿಯಿತು. ತುಟಿಯ ಒಂದು ಮೂಲೆ ಆಗಲೇ ಕೇಳಲು ಸಿದ್ಧವಾಗಿತ್ತು. ಹದಿನೈದು ದಿನ ಇದು ತನಗೆ ಹೇಗೆ ಕಾಣಲಿಲ್ಲ ಎಂದುಕೊಂಡಳು ಖುರ್ಷಿದ್. ಪುಸ್ತಕ ನೋಡದೆ, ಬಹಳ ಗಂಭೀರವಾಗಿ ಹೇಳಿದಳು:

"ಒಂದು ಮೂಟೆ ಅಳಲೆಕಾಯಿ ಭಾರವಾಗಿದೆ."

ಮಹಾರಾಜನ ಗಂಟಲಿನಿಂದ ವಿಚಿತ್ರವಾದ ಸದ್ದು ಬಂತು. ಕೆಮ್ಮಿದ. ಕಿರೀಟ ಸರಿಮಾಡಿಕೊಂಡ. ಆಮೇಲೆ, ಏನೂ ಆಗದವನಂತೆ, "ನಿನ್ನ ಕೈಯ ಒಂದು ಹೂವು ಭಾರವಾಗಿದೆ!" ಎಂದು ಗರ್ಜಿಸಿದ. ಹೇಳಿ ಮುಗಿಸಿದ ಮೇಲೆಯೇ ತಾನು ಸಿಕ್ಕಿಬಿದ್ದದ್ದು ಅವನಿಗೆ ಹೊಳೆದದ್ದು. ಕಿವಿ ಕೆಂಪಾದವು.

"ಭಲೇ! ಭಲೇ!" ಎಂದರು ಮಾಸ್ತರರು. ಅವರಿಗೆ ಅಳಲೆಕಾಯಿ ಕೇಳಿಸಿರಲಿಲ್ಲ. "ಈಗ ಮಧುಕೇಶ್ವರಾ, ನಾಳೆಗೆ ಆ ಮೀಸೆ ತೆಗಿಯಲೇಬೇಕು ನೀನು."

"ಮೀಸಿ ತಗ್ಯಾಂಗಿಲ್ಲ ನೋಡ್ರಿ ಮಾಸ್ತರ. ಸೆರಗ ಹೊಚಗೋತೀನಿ ಬೇಕಾದ್ರ. ನಮ್ಮಪ್ಪ ಬದುಕಿರೋ ತನಾ ಮೀಸಿ ತಗ್ಯಾಂಗಿಲ್ಲ."

ಆ ಜಗಳ ಬೇಗ ಮುಗಿಯುವಂಥದ್ದಲ್ಲ. ಅಲ್ಲಾವುದ್ದೀನ್ ಪಾಯಜಾಮದ ಅಂಚು ಸರಿಮಾಡುವ ನೆವದಲ್ಲಿ ಗೂಡಿನೆದುರು ಕುಕ್ಕರಗಾಲಿನಲ್ಲಿ ಕೂತ.

"ಯಾವಾಗಿನಿಂದ ಬರ್ತದೆ ನಿಮಗೆ?" ತಡಿಕೆಯ ಒಳಗಿನಿಂದ ಪಿಸುದನಿ.

"ಮೊದಲನೇ ದಿನದಿಂದ. ಮೋಟಾರು ಹೊಡೀತಾ ಹೇಳ್ಕೊಳ್ತೇನೆ. ಮಂಚಿಕೇರಿ ಬರೋದ್ರಲ್ಲಿ ಎರಡನೇ ಅಂಕ ಮುಗೀತದೆ."

"ಹದಿನೈದು ದಿನ ನನ್ನನ್ನ ಮಂಗ ಮಾಡಿದ್ರಿ ಹಾಗಾದ್ರೆ."

"ಮಂಗ ಆದದ್ದು ನಾನು. ಊರಿಗೆಲ್ಲ ಗೊತ್ತು."

"ಯಾಕೆ?"

ಅವನು ಅಂಚನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಅಮ್ಮಿ ಕಾಗದ ಹಾಕಿ ತಿಂಗಳಾಯ್ತು. ನಿಕಾಹ್ ಆದಮೇಲೆ ಕನ್ನಡೀಲಿ ನಿಮ್ಮ ಮುಖ ತೋರಿಸ್ತಾರೆ. ಅಲ್ಲಿತನಕ ನನ್ನ ಪಾಲಿಗೆ ಏನಿದೆ? ಈ ದನಿ ಒಂದೇ. ನೆನಪಿದೆ ಅಂದ್ರೆ ಅದೂ ಇಲ್ಲ."

ಪುಸ್ತಕದ ಮೇಲಿದ್ದ ಬೆರಳುಗಳು ಸಂದಿನಿಂದ ಹಿಂದೆ ಸರಿದವು. ಆಮೇಲೆ ಬೆರಳುಗಳು ಇದ್ದಲ್ಲಿಗೇ ಬಂದವು.

"ಜಾಣರೇ, ಇದನ್ನು ಕೇಳಿಸಿಕೊಳ್ಳಿ. ಅಬ್ಬಾ ದಿನಾ ಹಿಂದೆ ಕೂತು ನಿಮ್ಮನ್ನೇ ನೋಡ್ತಿದ್ದಾರೆ. ನಿಮಗೆ ತಲೆಯೇ ಇಲ್ಲ ಅಂತ ಆಗಿದೆ ಅವರಿಗೆ. ನಾಳೆ ನೀವು ತಡವರಿಸಿದ್ರೆ ಸೋಮವಾರ ನಿಮ್ಮ ಮನೆಗೆ ಬೇಡ ಅಂತ ಕಾಗದ, ಹಾವೇರಿಗೆ ಹೂಂ ಅಂತ."

ಅಲ್ಲಾವುದ್ದೀನನ ಮುಖದಿಂದ ನಗು ಜಾರಿತು. "ಸಿರ್ಸಿಯ ಟಪಾಲು ನನ್ನ ಮೋಟಾರಿನಲ್ಲೇ ಹೋಗೋದು."

"ಹೌದು. ನೀವೇ ಒಯ್ದು ಕೊಡ್ತೀರಿ."

"ಯಾ ಅಲ್ಲಾ! ಕೇಳೋ ಆಸೆಗೆ ಬಿದ್ದು..." ಅವನು ಏಳುವವನು ಮತ್ತೆ ಬಗ್ಗಿದ. "ಒಂದು ಕೇಳ್ತೇನೆ. ಹಾವೇರಿಯವನ ಮೇಲೆ ನಿಮಗೆ..."

"ನನಗೆ ಯಾರ ಅಜ್ಜನ ಅಜ್ಜನೂ ಬೇಡ. ಏಳಿ ಈಗ. ನಾಳೆ ನಿಮಗೆ ನಾನು ಬಾಯಿ ಬಿಡೋದಿಲ್ಲ."

ಭಾನುವಾರ ಎರಡೂವರೆಗೆ ಕೋಣೆ ತುಂಬಿತು. ಮುಂದಿನ ಸಾಲಿನಲ್ಲಿ ಮಾಮ್ಲೇದಾರರು, ಅವರ ಪಕ್ಕದಲ್ಲಿ ಜರಿ ರುಮಾಲಿನ ಗಫೂರ್ ಸಾಹೇಬರು. ಹಿಂದೆ, ಗೋಡೆಯ ಮೂಟೆಗಳ ಮೇಲೆಲ್ಲ ಜನ. ಇಪ್ಪತ್ತು ವರ್ಷದ ಅಳಲೆಕಾಯಿಯ ಒಗರು ವಾಸನೆಯ ಮೇಲೆ ಅತ್ತರು, ಹೂವು, ಬೀಡಿಯ ವಾಸನೆ ಕೂತಿತು. ಹೊನ್ನ ಹಗ್ಗ ಎಳೆದ.

ಮಹಾರಾಜ ಬಂದ. "ಈ ಕೈಗೆ ಇಂದು" ಎಂಬಲ್ಲಿಗೆ ಬಂದಾಗ ಮೂಟೆಯ ಮೇಲಿನವರು, ತಾಲೀಮು ಇಣುಕಿ ನೋಡಿದವರು, ನಗಲು ಬಾಯಿ ತೆರೆದಿದ್ದರು. ತೆರೆದ ಬಾಯಿ ಹಾಗೇ ಉಳಿಯಿತು. ಹೂವಿನ ಮಾತು ಸಲೀಸಾಗಿ ದಾಟಿಹೋಯಿತು. ಖುರ್ಷಿದ್ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅವನು ಒಮ್ಮೆಯೂ ಗೂಡಿನ ಕಡೆ ನೋಡಲಿಲ್ಲ. ಅದು ಅವಳಿಗೆ ಸಮಾಧಾನವೂ ಆಯಿತು, ಸ್ವಲ್ಪ ಬೇಸರವೂ ಆಯಿತು.

ಎಡವಟ್ಟಾದದ್ದು ಮಂತ್ರಿಯಿಂದ. ಮಂತ್ರಿ ಎಂದರೆ ಮಾಸ್ತರರೇ. ತಾನೇ ಬರೆದ ನಾಟಕ, ಒಂದಕ್ಷರ ಬಿಡದೆ ಗೊತ್ತು. ಮಾಮ್ಲೇದಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ತನ್ನನ್ನೇ ನೋಡಿದ್ದು ಕಂಡದ್ದೇ ಅವರ ನಾಲಿಗೆ ಒಣಗಿತು. "ಪ್ರಭೂ," ಎಂದರು. ನಿಂತರು. "ಪ್ರಭೂ."

ಖುರ್ಷಿದ್ ಎತ್ತಿಕೊಟ್ಟಳು. ಎರಡನೇ ಸಲ ಗಟ್ಟಿಯಾಗಿ ಕೊಟ್ಟಳು. ಮಾಸ್ತರರಿಗೆ ಕಿವಿಯೂ ಹೋಗಿತ್ತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

ಮಹಾರಾಜ ಸಿಂಹಾಸನದಿಂದ ಎದ್ದ. ಮಂತ್ರಿಯ ಹೆಗಲ ಮೇಲೆ ಕೈಯಿಟ್ಟ. "ಮಂತ್ರಿಗಳೇ, ನಿಮ್ಮ ಮೌನ ನಮಗೆ ಅರ್ಥವಾಗುತ್ತದೆ. ಉತ್ತರದ ಕೋಟೆ ಬಿದ್ದಿದೆ ಎಂದು ಹೇಳಲು ನಿಮಗೆ ನಾಲಿಗೆ ಬಾರದು. ಧಾನ್ಯದ ಕಣಜಕ್ಕೆ ಶತ್ರು ಬೆಂಕಿಯಿಟ್ಟನೆಂದು ಹೇಳಲು ಬಾರದು, ಅಲ್ಲವೇ?" ಹೀಗೆ ಮಂತ್ರಿಯ ಒಂದು ಪುಟದ ಮಾತನ್ನು ಒಂದೂ ಬಿಡದೆ, ಮಂತ್ರಿಯ ಮರ್ಯಾದೆಗೆ ಕುಂದು ಬಾರದಂತೆ, ತಾನೇ ಹೇಳಿ ಮುಗಿಸಿದ. ಮಾಸ್ತರರು ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಾಡಿಸುತ್ತ ಹೋದರು. ಜನ ಅದನ್ನು ದೊಡ್ಡ ಅಭಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ತಟ್ಟದೆ ಕೂತವರು ಗಫೂರ್ ಸಾಹೇಬರೊಬ್ಬರೇ. ಅವರು ಗಡ್ಡ ನೀವಿಕೊಳ್ಳುತ್ತಿದ್ದರು.

ನಾಟಕ ಮುಗಿದು, ಮಾಮ್ಲೇದಾರರಿಗೆ ಹಾರ ಬಿದ್ದು, ಕೋಣೆ ಖಾಲಿಯಾಯಿತು. ಖುರ್ಷಿದ್ ಕೆಳಗಿಳಿಯಬೇಕೆನ್ನುವಾಗ ರಂಗದ ಮೇಲೆ ಅಪ್ಪನ ಚಡಾವಿನ ಹೆಜ್ಜೆ ಸದ್ದು ಕೇಳಿ ಅಲ್ಲೇ ಕೂತಳು.

"ಅಲ್ಲಾವುದ್ದೀನ್, ನಿಲ್ಲು. ನಿನ್ನ ಪಾರ್ಟೂ ಬರ್ತದೆ, ಮಾಸ್ತರರ ಪಾರ್ಟೂ ಬರ್ತದೆ. ಪೂರಾ ಪುಸ್ತಕ ಬಾಯಲ್ಲಿದೆ. ಹದಿನೈದು ದಿನ ನನ್ನ ಕಣ್ಣೆದುರಿಗೆ ಕೋಣನ ಹಾಗೆ ನಿಂತಿದ್ಯಲ್ಲ, ಅದೆಂಥದು?"

ಹೆದರಿಕೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ತಡಿಕೆಯ ಸಂದಿನಲ್ಲಿ ಖುರ್ಷಿದಳಿಗೆ ಅವನ ಬರಿಗಾಲು ಕಾಣುತ್ತಿತ್ತು. ಒಂದು ಹೆಬ್ಬೆರಳು ಇನ್ನೊಂದನ್ನು ಒತ್ತುತ್ತಿತ್ತು.

"ಮಾತು ಮರೆತದ್ದಲ್ಲ, ಸಾಹೇಬ್ರೇ. ಗೂಡಿನಿಂದ ಬರೋ ದನಿ ಕೇಳಬೇಕಿತ್ತು."

ಹಗ್ಗ ಸುತ್ತುತ್ತಿದ್ದ ಹೊನ್ನ ಕೈ ನಿಲ್ಲಿಸಿದ.

"ನನ್ನ ಮನೇಲಿ. ನಾನು ಮೂಟೆ ಮೇಲೆ ಕೂತಿರುವಾಗ."

"ಹೌದು. ನಿಮ್ಮೆದುರಿಗೇ, ಎಲ್ಲರೆದುರಿಗೇ ಕೇಳಿದ್ದು. ಕದ್ದು ಮಾತಾಡಿಲ್ಲ." ಅವನು ಕಿರೀಟ ತೆಗೆದು ಕೈಯಲ್ಲಿ ಹಿಡಿದ. "ನಿನ್ನೆ ನಾಲ್ಕು ಮಾತು ಬಿಟ್ಟು."

"ನಾಲ್ಕೇ?"

"ಎಂಟಿರಬಹುದು."

"ಹನ್ನೆರಡು," ಎಂದಿತು ಗೂಡಿನ ಕೆಳಗಿನಿಂದ ಅಮೀನಾಬಿಯ ದನಿ. "ನಾನು ನಿದ್ದೆ ಮಾಡ್ತೇನೆ ಅಂತ ಯಾರು ಹೇಳಿದ್ದು? ಕೆಟ್ಟ ಮಾತು ಒಂದೂ ಇರಲಿಲ್ಲ ಭಾಯಿಜಾನ್. ನಿಕಾಹಿನ ಮೊದಲು ನೀವು ಭಾಬಿಯ ಓಣಿಗೆ ಕುದುರೆಗೆ ನೀರು ಕುಡಿಸೋಕೆ ಅಂತ ಹೋಗ್ತಿದ್ರಲ್ಲ, ಆಗ ನಮ್ಮನೇಲಿ ಕುದುರೆಯೇ ಇರಲಿಲ್ಲ."

ಗಫೂರ್ ಸಾಹೇಬರ ಗಡ್ಡ ಅಲುಗಿತು. ನಗುವನ್ನು ಕೆಮ್ಮಿನೊಳಗೆ ಹಾಕಿ ನುಂಗಿ, ಗೂಡಿನ ಕಡೆ ತಿರುಗಿದರು.

"ಬೇಟಿ, ಇವನ ವಿಚಾರ ಕೇಳಿದ್ಯಲ್ಲ. ನಿನ್ನದೇನು?"

ಇಂಥದ್ದಕ್ಕೆ ಹುಡುಗಿ ಸುಮ್ಮನಿರುವುದು, ಹಿರಿಯ ಹೆಂಗಸು ಉತ್ತರ ಹೇಳುವುದು ರೂಢಿ. ಅಮೀನಾಬಿ ಗಂಟಲು ಸರಿಮಾಡಿಕೊಂಡಳು. ಖುರ್ಷಿದ್ ಕೈ ಇಳಿಬಿಟ್ಟು ಅವಳ ಹೆಗಲು ಒತ್ತಿದಳು. "ಬೇಡ ಫೂಫಿ. ನಾನೇ ಹೇಳ್ತೇನೆ."

ಹದಿನೈದು ದಿನ ಪಿಸುಗುಟ್ಟಿದ ದನಿ ಈಗ ಕೋಣೆಯ ಮೂಲೆಗೂ ಕೇಳಿಸುವಂತೆ ಬಂತು.

"ನನಗೆ ಒಪ್ಪಿಗೆ, ಅಬ್ಬಾ."

ಕಿರೀಟ ಹಲಗೆಯ ಮೇಲೆ ಬಿದ್ದು ಉರುಳಿದ ಸದ್ದಾಯಿತು.

"ಎತ್ತಿಕೋ ಅದನ್ನ," ಎಂದರು ಗಫೂರ್ ಸಾಹೇಬರು. "ಐದೂ ಕಾಲಾಯ್ತು, ಪ್ಯಾಸೆಂಜರು ಬೊಬ್ಬೆ ಹೊಡೀತಿದ್ದಾರೆ. ನಾಳೆ ಬರುವಾಗ ನಿಮ್ಮಮ್ಮನನ್ನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಾ. ಇಳಿಜಾರಿನಲ್ಲಿ ಮಾತ್ರ ನಿಧಾನ."

ಬರಿಗಾಲುಗಳು ಸಂದಿನೆದುರು ಒಂದು ಕ್ಷಣ ನಿಂತವು. ಆಮೇಲೆ ಓಡಿದವು.

ಖುರ್ಷಿದ್ ಎದ್ದು ಇಳಿಯಲು ಹೋದರೆ ಕಾಲೇ ಇಲ್ಲ! ಮೂರು ತಾಸು ಮಡಿಸಿ ಕೂತು ಎರಡೂ ಜೋಮು ಹಿಡಿದಿದ್ದವು. ಮೆಟ್ಟಿಲ ಮೇಲೆ ಜಾರಿ ಅತ್ತೆಯ ಮಡಿಲಿಗೇ ಬಂದು ಬಿದ್ದಳು. ಅಮೀನಾಬಿ "ಹಾಯ್ ಹಾಯ್" ಎನ್ನುತ್ತ ಪಾದ ತಿಕ್ಕತೊಡಗಿದಳು. ಒಂದೊಂದು ತಿಕ್ಕಿಗೂ ಸಾವಿರ ಇರು‌ವೆ ಹರಿದಂತಾಗಿ ಖುರ್ಷಿದ್ ಕಿರುಚುತ್ತಿದ್ದಳು, ಕಿರುಚುತ್ತ ನಗುತ್ತಿದ್ದಳು.

ಹೊರಗೆ ಮೋಟಾರು ಗುಡುಗಿತು. ಅದರ ಮೇಲೆ ಪ್ಯಾಸೆಂಜರುಗಳ ಗಲಾಟೆ.

"ಹ್ವಾಯ್, ನೋಡ್ರಾ ಇಲ್ಲಿ! ಮಾರಾಜ್ರೇ ಗಾಡಿ ಹೊಡಿತ್ರಂಬ್ರು!"

"ಫೂಫಿ," ಖುರ್ಷಿದ್ ಉಸಿರು ಕಟ್ಟಿ ನಗುತ್ತ ಹೇಳಿದಳು, "ಅವರು ವೇಷ ಕಳಚೋದೇ ಮರೆತಿದ್ದಾರೆ. ಈ ಸಲ ನಿಜವಾಗಿಯೂ!"

"ಮರೀಲಿ ಬಿಡು," ಎಂದಳು ಅಮೀನಾಬಿ. "ಸಿರ್ಸಿ ಪೇಟೆಯವರೂ ಒಮ್ಮೆ ನೋಡ್ಲಿ. ಕಾಲು ಚಾಚು, ಇನ್ನೊಂದು."